ಒಂದು ಬಟ್ಟಲು ಬಿಸಿಲು

ನೆರೆಮನೆಯಿಂದ ಒಂದು ಬಟ್ಟಲು ಸಕ್ಕರೆ ಕಡ ತಂದಷ್ಟೇ ಸಲೀಸಾಗಿ ಒಂದು ಬಟ್ಟಲು ಬಿಸಿಲನ್ನೂ ತರುವಂತಿದ್ದರೆ?

ಈ ಯೋಚನೆ ನೀಲಗಂಗಾ ಹೊಸಮನಿಯ ತಲೆ ಹೊಕ್ಕದ್ದು ಪ್ರಯೋಗಾಲಯದಲ್ಲಲ್ಲ. ಬೆಟಗೇರಿಯಲ್ಲಿ ಬಾಡಿಗೆ ಮನೆ ಹುಡುಕಿ ಚಪ್ಪಲಿ ಸವೆಸಿದ ಒಂದು ಬೇಸಿಗೆಯಲ್ಲಿ. ಮಾಲೀಕರೆಲ್ಲ ಕೋಣೆ ತೋರಿಸಿದರು, ಬಚ್ಚಲು ತೋರಿಸಿದರು, ಕೊನೆಗೆ ಬೆರಳು ಮೇಲೆತ್ತಿ ಒಂದೇ ಮಾತು ಹೇಳಿದರು: "ಮಾಳಿಗಿ ಮಾತ್ರ ನಮ್ದು. ಅಲ್ಲಿ ನಮ್ಮ ಸೋಲಾರ್ ಅದಾವ. ಮ್ಯಾಲೆ ಹತ್ತಬಾರದು."

ಕಲ್ಲಿದ್ದಲ ಸ್ಥಾವರಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಹಾಕಲೇಬೇಕಿತ್ತು. ಭೂಮಿಯ ಕಾವು ಏರಿ, ಗದಗ-ಬೆಟಗೇರಿಯ ಬೇಸಿಗೆ ಶಿವರಾತ್ರಿಗೆ ಮೊದಲೇ ಬಂದು ಕಾರಹುಣ್ಣಿಮೆ ಕಳೆದರೂ ಹೋಗಲೊಲ್ಲದ ನೆಂಟನಂತಾಗಿತ್ತು. ಬಿಸಿಲಿನ ಕರೆಂಟು ಅಗ್ಗವಾಯಿತು ನಿಜ, ಆದರೆ ಅದು ಸಿಕ್ಕಿದ್ದು ಸ್ವಂತ ಮಾಳಿಗೆ ಇದ್ದವರಿಗೆ. ಒಂದೇ ಕೋಣೆಯವರು, ಬಾಡಿಗೆಯವರು, ತಗಡಿನ ಸೂರಿನವರು ಹಳೆಯ ತಂತಿಯನ್ನೇ ನೆಚ್ಚಿಕೊಂಡು ಅರ್ಧ ದಿನ ಬೀಸಣಿಗೆ ಬೀಸುತ್ತ ಕೂತರು. ನೀಲಗಂಗಾಗೆ ಇದು ಸಿಟ್ಟು ತರಿಸಿತು. ಅವಳ ಸಿಟ್ಟು ಹಾಲು ಉಕ್ಕಿದಂತೆ ಉಕ್ಕಿ ಇಳಿಯುವಂಥದಲ್ಲ, ಕೂತು ವರ್ಷಗಟ್ಟಲೆ ಕೆಲಸ ಮಾಡುವಂಥದು.

ಆ ಸಿಟ್ಟಿನ ಫಲವೇ ಗಡಿಗೆ. ನೋಡಲು ನೀರಿನ ಗಡಿಗೆಯಷ್ಟೇ ದೊಡ್ಡದು, ಒಳಗೆ ಉಪ್ಪಿನಿಂದ ಮಾಡಿದ ಬ್ಯಾಟರಿ. ಸಂತೆ ಕಟ್ಟೆ, ಬಸ್ ನಿಲ್ದಾಣ, ಶಾಲೆ, ಗೋದಾಮು ಹೀಗೆ ಊರಿಗೆಲ್ಲ ಸೇರಿದ ಸೂರುಗಳ ಮೇಲೆ ಸಹಕಾರಿ ಸಂಘದವರು ತೆಳುವಾದ ಬಿಸಿಲು ಹಾಳೆ ಹಾಸಿದರು. ಆ ಹಾಳೆಯಲ್ಲಿ ಒಂದೊಂದು ಮನೆಗೆ ಒಂದೊಂದು ಪಾಲು. ಪಾಲಿನ ಕರೆಂಟು ಓಣಿಯ ಸಣ್ಣ ತಂತಿಯ ಗುಂಟ ಬಂದು ಗಡಿಗೆ ತುಂಬುತ್ತಿತ್ತು. ಬಾಡಿಗೆಯವರು ಮನೆ ಬಿಟ್ಟರೆ ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರಾಯಿತು. ಪಾಲೂ ಅವರ ಬೆನ್ನಿಗೇ ಬರುತ್ತದೆ. ಗಡಿಗೆಯ ಕುತ್ತಿಗೆಗೆ ಒಂದು ತಿರುಗಣಿ. ಯಾರ ಮನೆಗೆ ಕೊಡಬೇಕೋ ಅವರ ಹೆಸರಿಗೆ ತಿರುಗಿಸಿದರೆ ಈ ಗಡಿಗೆಯಿಂದ ಆ ಗಡಿಗೆಗೆ ಕರೆಂಟು ಹರಿಯುತ್ತದೆ. ಯೂನಿಟ್ಟು, ವ್ಯಾಟು ಎಂದು ಜನರ ತಲೆ ತಿನ್ನುವುದು ಬೇಡವೆಂದು ನೀಲಗಂಗಾ ಅದಕ್ಕೆ ಬಟ್ಟಲ ಲೆಕ್ಕ ಇಟ್ಟಿದ್ದಳು. ಒಂದು ಬಟ್ಟಲೆಂದರೆ ಒಂದು ತಾಸು ಫ್ಯಾನು.

ಈಗ ಬೆಟಗೇರಿಯ ಬಾಡಿಗೆ ಮನೆಗಳಲ್ಲೆಲ್ಲ ಗಡಿಗೆ ಕೂತಿತ್ತು. ಆದರೆ ಕೂತದ್ದು ಗಟ್ಟಿಯಾಗಿಲ್ಲ. ಇಂಧನ ಮಂಡಳಿಯ ಪರೀಕ್ಷಕ ಗುರುಪಾದ ಮಮದಾಪುರ ಬಂದು ಅತಿಥಿಗೃಹದಲ್ಲಿ ಠಿಕಾಣಿ ಹೂಡಿದ್ದರು. ಅವರ ಮಾತು ಸ್ಪಷ್ಟ: ಈ ಬೇಸಿಗೆಯನ್ನು ಗಡಿಗೆಗಳು ದಾಟಿಸಿದರೆ ರಾಜ್ಯದ ಎಲ್ಲ ಊರಿನ ಬಾಡಿಗೆಯವರಿಗೂ ಗಡಿಗೆ. ದಾಟಿಸದಿದ್ದರೆ ಇಲ್ಲಿನವೂ ಗಾಡಿ ಹತ್ತಿ ವಾಪಸ್.

ನೀಲಗಂಗಾ ಹಗಲೆಲ್ಲ ನಿಯಂತ್ರಣ ಕೋಣೆಯಲ್ಲೇ ಇರುತ್ತಿದ್ದಳು. ಕೋಣೆಯೆಂದರೆ ಹಳೇ ನೂಲಿನ ಡಿಪೋದ ಅಟ್ಟ. ಗೋಡೆಯ ತುಂಬ ಒಂದು ಪರದೆ, ಪರದೆಯಲ್ಲಿ ಓಣಿಗಳ ಗೆರೆ, ಗೆರೆಯ ಮೇಲೆ ಮನೆಗೊಂದು ಚುಕ್ಕೆ. ಯಾರಾದರೂ ಕೊಟ್ಟ ಕರೆಂಟು ಬಂದು ಸೇರಿದರೆ ಚುಕ್ಕೆ ಹಸಿರಾಗುತ್ತದೆ. ಜೊತೆಗೆ ಲೈನ್ ಕೆಲಸದ ಫಕೀರಪ್ಪ ಹೊಂಬಳ. ಮಾತು ಜಾಸ್ತಿ, ಕೆಲಸವೂ ಜಾಸ್ತಿ.

"ಮೇಡಂ, ಮತ್ತ ಸುರು ಆತ್ರಿ," ಎಂದ ಫಕೀರಪ್ಪ ಒಂದು ಸಂಜೆ.

ದೀಪ ಹಚ್ಚುವ ಹೊತ್ತಾದರೆ ಸಾಕು, ಪರದೆಗೆ ಏನೋ ಬಡಿಯುತ್ತಿತ್ತು. ಈ ಮನೆಯ ಚುಕ್ಕೆ ಹಸಿರು, ಮರುಕ್ಷಣ ಪಕ್ಕದ ಮನೆಯದು ಹಸಿರು, ಮತ್ತೆ ಇದು, ಮತ್ತೆ ಅದು. ಹೋಗಿ ಬರುವ ಕರೆಂಟು ಪ್ರತಿ ಸಲವೂ ಸ್ವಲ್ಪ ಹೆಚ್ಚಾಗುತ್ತಿತ್ತು. ಯಾರ ಮನೆಯಲ್ಲೂ ಅಷ್ಟೊಂದು ಖರ್ಚಿಲ್ಲ, ಬರೀ ಓಡಾಟ. ಓಡಾಟದಲ್ಲಿ ಸಣ್ಣ ತಂತಿ ಕಾಯುತ್ತಿತ್ತು, ಅರ್ಧ ಕರೆಂಟು ದಾರಿಯಲ್ಲೇ ಬಿಸಿಯಾಗಿ ಸೋರುತ್ತಿತ್ತು, ಓಣಿ ಮೂಲೆಯ ಜೋಡಣೆ ಡಬ್ಬಿಗಳು ಮುಟ್ಟಿದರೆ ಕೈ ಚುರ್ರೆನ್ನುತ್ತಿದ್ದವು.

"ಸಂಜೆ ಆದ ಕೂಡಲೆ ನಿಮ್ಮ ಊರಿಗೆ ಜ್ವರ ಬರ್ತದಲ್ಲ ಮೇಡಂ," ಎಂದರು ಮಮದಾಪುರ, ಚಹಾದ ಲೋಟ ಹಿಡಿದುಕೊಂಡು. ಕೆಟ್ಟ ಮನುಷ್ಯನಲ್ಲ ಅವರು. ಆದರೆ ಕಂಡದ್ದನ್ನು ಕಂಡಹಾಗೆ ಬರೆಯುವ ಮನುಷ್ಯ. ನೀಲಗಂಗಾಗೆ ಅದೇ ಭಯ.

ಅವಳು ಗಣಕದ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಜಾಲಾಡಿದಳು. ತಪ್ಪು ಸಿಗಲಿಲ್ಲ. ತಪ್ಪು ಅಲ್ಲಿದ್ದರೆ ತಾನೆ ಸಿಗುವುದು!

ಅದು ಸಿಕ್ಕಿದ್ದು ಅವಳದೇ ಮನೆಯಲ್ಲಿ. ತಲೆ ನೋವೆಂದು ಒಂದು ಸಂಜೆ ಬೇಗ ಮನೆಗೆ ಬಂದಾಗ ಅತ್ತೆ ಬಸಲಿಂಗವ್ವ ಗಡಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ತಿರುಗಣಿ ತಿರುಗಿಸುತ್ತಿದ್ದಳು.

"ಏನ್ ಮಾಡಾಕತ್ತೀರಿ ಅತ್ತಿ?"

"ಮುಂಜಾನೆ ಫ್ಯಾನಿಗೆ ಕಡಿಮಿ ಬಿತ್ತು ಅಂತ ರೆಹಮತಬಿ ಕಡೆ ಎರಡು ಬಟ್ಟಲ ಇಸ್ಕೊಂಡಿದ್ದೆ. ತಿರಗಿ ಕೊಡಾಕತ್ತೀನಿ. ಮೂರು."

"ಎರಡು ಇಸ್ಕೊಂಡು ಮೂರ್ಯಾಕ ಕೊಡ್ತೀರಿ?"

ಬಸಲಿಂಗವ್ವ ಸೊಸೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಇಷ್ಟು ಓದಿ ಇಷ್ಟೂ ಗೊತ್ತಾಗಲಿಲ್ಲವೇ ಎಂಬಂತಿತ್ತು ಆ ನೋಟ. "ಎರಡಕ್ಕ ಎರಡ ಕೊಟ್ರ ಖಾಲಿ ಭಾಂಡೆ ತಿರಗಿ ಕೊಟ್ಟಂಗ ಆಗೂದಿಲ್ಲೇನ? ಮಂದಿ ಏನಂದಾರು?"

ಅಷ್ಟರಲ್ಲಿ ಗೋಡೆಯಾಚೆಯಿಂದ ರೆಹಮತಬಿಯ ದನಿ ಕೇಳಿತು. ಹೊಲಿಗೆ ಯಂತ್ರವೊಂದೇ ಆಧಾರವಾಗಿ ಮಗಳನ್ನು ಬೆಳೆಸಿ ಮದುವೆ ಮಾಡಿದ ಗಟ್ಟಿಗಿತ್ತಿ ಅವಳು. "ಅವ್ವಾರ, ಇಷ್ಟ್ಯಾಕ ಕಳಿಸಿದ್ರಿ? ನಾ ಏನ್ ಕಡಿಮಿ ಅದೀನೇನು? ತಡೀರಿ, ತಗೋರಿ!" ಗಡಿಗೆ ಟುಣ್ ಎಂದಿತು. ನಾಲ್ಕು ಬಟ್ಟಲು ಬಂದಿತ್ತು.

"ನೋಡು ಈಕೀನ!" ಎಂದು ಬಸಲಿಂಗವ್ವ ಐದು ಬಟ್ಟಲಿಗೆ ತಿರುಗಣಿ ಹಿಡಿದಳು. ಮುಖದಲ್ಲಿ ಹಗ್ಗ ಜಗ್ಗುವವರ ಹುರುಪು.

ನೀಲಗಂಗಾ ಹಣೆ ಹಣೆ ಬಡಿದುಕೊಂಡಳು, ನಗುವೂ ಬಂತು. ಬೆಟಗೇರಿಯ ಓಣಿ ಓಣಿಯಲ್ಲೂ ಇದೇ ನಡೆದಿತ್ತು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು ಎಂಬ ಮರ್ಯಾದೆಯ ಜನ ಇವರು. ಆ ಮರ್ಯಾದೆಯನ್ನು ತಂತಿಗೂ ಹತ್ತಿಸಿದ್ದರು. ಹೋದದ್ದು ಹೆಚ್ಚಾಗಿ ಬರುವುದು, ಬಂದದ್ದು ಇನ್ನೂ ಹೆಚ್ಚಾಗಿ ಹೋಗುವುದು: ಇಂಥ ಸುತ್ತು ಯಾವ ಯಂತ್ರದಲ್ಲೇ ಶುರುವಾದರೂ ಆ ಯಂತ್ರ ಹುಚ್ಚು ಹಿಡಿದು ಕುಣಿಯುತ್ತದೆ. ಕಾಲೇಜಿನಲ್ಲಿ ಅವಳೇ ಪುಟಗಟ್ಟಲೆ ಬರೆದು ಪಾಸಾಗಿದ್ದ ಪಾಠ ಅದು.

ಮರುದಿನವೇ ಅವಳು ಪ್ರೋಗ್ರಾಮಿನಲ್ಲಿ ಒಂದು ಅಡ್ಡಗೋಡೆ ಹಾಕಿದಳು. ಕೊಟ್ಟ ಮನೆಗೆ ತಿರುಗಿ ಕಳಿಸುವಂತಿಲ್ಲ. ಮುಗಿಯಿತು. ಸಂಜೆ ಪರದೆ ತಣ್ಣಗೆ ಮಲಗಿತು. ಮಮದಾಪುರರ ಮುಂದೆ ಅವಳು ಎದೆಯುಬ್ಬಿಸಿಯೇ ಹೇಳಿಕೊಂಡಳು, "ನೋಡ್ರಿ ಸರ, ಜ್ವರ ಇಳೀತು."

ಇಳಿದದ್ದು ಜ್ವರವಲ್ಲ, ಜೀವ. ನಾಲ್ಕೈದು ದಿನದಲ್ಲಿ ಒಂದು ಚುಕ್ಕೆಯೂ ಹಸಿರಾಗದಂತಾಯಿತು. ಊರಿಗೆ ಹೋದವರ ಮನೆಯ ಗಡಿಗೆ ತುಂಬಿ ಸುಮ್ಮನೆ ಕೂತಿತ್ತು. ಹತ್ತು ಜನ ಇರುವ ಮನೆಯ ಗಡಿಗೆ ಸಂಜೆಗೇ ತಳ ಕಂಡಿತ್ತು. ರೆಹಮತಬಿ ಹೊಲಿಗೆ ಯಂತ್ರದ ಮುಂದೆ ಕೈ ಕಟ್ಟಿ ಕೂತಿದ್ದಳು. ನೀಲಗಂಗಾ ತಾನೇ ಹೋಗಿ, ನಮ್ಮ ಗಡಿಗೆಯಿಂದ ತಗೋ ಎಂದರೆ ಒಪ್ಪಲೊಲ್ಲಳು.

"ತಿರಗಿ ಕೊಡಾಕ ಬರೂದಿಲ್ಲ ಅಂದಮ್ಯಾಲೆ ಹೆಂಗ ಇಸ್ಕೊಳ್ಳಲೆ ಅಕ್ಕಾರ? ಹಂಗಿನ ಬೆಳಕಿನ್ಯಾಗ ನನಗ ಸೂಜಿಗೆ ದಾರ ಪೋಣಿಸಾಕ ಆಗಂಗಿಲ್ಲ."

ಮನೆಗೆ ಬಂದರೆ ಅತ್ತೆಯದೂ ಅದೇ ಮುಖ. "ಓಣ್ಯಾಗ ನಮ್ಮನಿ ಮರ್ಯಾದಿ ತಗದಿ ನೋಡ ನೀಲವ್ವ."

ನೀಲಗಂಗಾಗೆ ಅಳು ಬಂತು. ಬಾಗಿಲು ಮುಚ್ಚಿಕೊಂಡು ಅತ್ತಳು ಕೂಡ. ಹೆಚ್ಚು ಕೊಟ್ಟರೆ ತಂತಿ ಸುಡುತ್ತದೆ, ಕೊಡಬೇಡಿ ಎಂದರೆ ಜನರ ಮನಸ್ಸು ಸುಡುತ್ತದೆ. ಅತ್ತ ಮಮದಾಪುರ ವರದಿ ಬರೆಯುವ ಮೊದಲು ಒಂದು ಮಾತು ಹೇಳಿಯೇಬಿಟ್ಟಿದ್ದರು: "ಹಂಚಿಕೊಳ್ಳದ ಗಡಿಗೆ ಬರೀ ಗಡಿಗೆ ಮೇಡಂ. ಅಂಗಡಿಯಲ್ಲೂ ಸಿಗ್ತದೆ. ಮೇ ಮುಗಿಯೋದರೊಳಗೆ ಏನಾದರೂ ಮಾಡ್ರಿ."

ಮರುದಿನ ಬೆಳಗ್ಗೆ ಡಿಪೋಗೆ ಬುತ್ತಿ ಕಟ್ಟಿಕೊಳ್ಳಲು ನೀಲಗಂಗಾ ನಾಗಂದಿಗೆಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಬಸಲಿಂಗವ್ವ ಒಲೆಯ ಮುಂದಿನಿಂದಲೇ ಗದರಿದಳು.

"ಅದನ್ನ ಮುಟ್ಟಬ್ಯಾಡ, ರೆಹಮತಬಿದು ಅದು. ಹಬ್ಬಕ್ಕ ಸುರಕುರ್ಮಾ ಕೊಟ್ಟಿದ್ಲು."

"ಅಯ್ಯ, ಆ ಹಬ್ಬ ಆಗಿ ಎಷ್ಟ ದಿನ ಆತು! ತಿರಗಿ ಕೊಟ್ಟೇ ಇಲ್ಲೇನು?"

"ಅವಸರ ಏನೈತಿ? ಶೇಂಗಾ ಹೋಳಿಗಿ ಮಾಡಿದಾಗ ನಾಕು ಹಾಕಿ ಕೊಟ್ರಾತು. ಮನಿಯಾಗ ಭರ್ತಿ ಇದ್ದಾಗ ಕೊಡಬೇಕು. ಮನಿ ಮಂದಿ ಬಾಯಿಂದ ಕಸದು ಕೊಡತಾರೇನು?"

ಡಬ್ಬಿ ಹಿಡಿದ ಕೈ ಅಲ್ಲೇ ನಿಂತಿತು. ತಾನೂ ಹೀಗೇ ಮಾಡುತ್ತಿದ್ದಳಲ್ಲ! ತವರಿನಲ್ಲೂ ಹೀಗೇ. ನೆರೆಯವರ ಪಾತ್ರೆ ಬಂದ ದಿನವೇ ಹಿಂದಿರುಗಿದ್ದನ್ನು ಅವಳು ಕಂಡೇ ಇರಲಿಲ್ಲ. ಅದು ನಾಗಂದಿಗೆಯ ಮೇಲೆ ಕಾಯುತ್ತದೆ, ಮನೆಯಲ್ಲಿ ಒಳ್ಳೆಯದೇನಾದರೂ ಮಾಡುವವರೆಗೆ. ಆ ಕಾಯುವಿಕೆಯೇ ಈ ಮರ್ಯಾದೆಯನ್ನು ಹುಚ್ಚಾಗದಂತೆ ಹಿಡಿದಿರುವುದು. ಗಡಿಗೆ ಮಾಡುವಾಗ ನಾನು ಕೊಡುವುದನ್ನೇನೋ ಇಟ್ಟೆ, ಕಾಯುವುದನ್ನು ಮರೆತೆ. ತಿರುಗಣಿ ತಿರುಗಿಸಿದ ಕ್ಷಣಕ್ಕೇ ಎಲ್ಲ ಹರಿದುಹೋಗುವಂತೆ ಮಾಡಿ, ಅದನ್ನೇ ಜಾಣತನವೆಂದುಕೊಂಡೆ.

ಬುತ್ತಿ ಅಲ್ಲೇ ಬಿಟ್ಟು ಅವಳು ಡಿಪೋಗೆ ಓಡಿದಳು.

ಬೆಟಗೇರಿಗೆ ಬಿಸಿಲು ಭರ್ತಿಯಾಗಿ ಸಿಗುವುದು ಯಾವಾಗ? ಮಧ್ಯಾಹ್ನ. ಆ ಹೊತ್ತಿಗೆ ಗಡಿಗೆಗಳೆಲ್ಲ ಹೆಚ್ಚುಕಡಿಮೆ ತುಂಬಿ, ಹಾಳೆಗಳು ಕೊಡುವ ಉಳಿದ ಕರೆಂಟನ್ನು ಹಿಡಿದಿಡಲು ಜಾಗವಿಲ್ಲದೆ ಸಂಘದವರು ಸುಮ್ಮನೆ ಚೆಲ್ಲುತ್ತಿದ್ದರು. ಹೊಸ ಏರ್ಪಾಟು ಇದು: ಸಂಜೆ ಯಾರು ಯಾರಿಗಾದರೂ ಕೊಡಲಿ, ತಕ್ಷಣ ಹೋಗುತ್ತದೆ. ತಿರುಗಿ ಕೊಡುವುದು ಮಾತ್ರ ಆ ಡಬ್ಬಿಯಂತೆ ನಾಗಂದಿಗೆಯ ಮೇಲೆ ಕಾಯುತ್ತದೆ. ಮರುದಿನ ಸೂರ್ಯ ನೆತ್ತಿಗೆ ಬಂದಾಗ, ಚೆಲ್ಲಿಹೋಗಲಿದ್ದ ಬಿಸಿಲಿನಿಂದಲೇ, ಮೇಲೊಂದಿಷ್ಟು ಸೇರಿಸಿ, ಹಾಳೆಯಿಂದ ನೇರ ಕೊಟ್ಟವರ ಗಡಿಗೆಗೆ ಸೇರುತ್ತದೆ. ಆ ಮನೆಯ ಗಡಿಗೆ ಆಗಲೇ ತುಂಬಿದ್ದರೆ? ಸಂಘದವರು ಹೊಸದಾಗಿ ಇಡುವ ದೊಡ್ಡ ಗಡಿಗೆಯಲ್ಲಿ ಅವರ ಹೆಸರಿಗೇ ಇರುತ್ತದೆ. ಓಣಿಯ ತಂತಿಗೆ ಭಾರವಿಲ್ಲ, ಮರ್ಯಾದೆಗೂ ಕುಂದಿಲ್ಲ.

ಮೊದಲು ಹೇಳಿದ್ದು ಬಸಲಿಂಗವ್ವನಿಗೆ ಮತ್ತು ರೆಹಮತಬಿಗೆ. ಇಬ್ಬರೂ ಕಟ್ಟೆಯ ಮೇಲೆ ಕೂತು ಬೀಗರ ಮನೆ ಮಾತುಕತೆ ಕೇಳುವವರಂತೆ ಕೇಳಿದರು.

"ಹಂಗಂದ್ರ, ಹೋಳಿಗಿ ಮಾಡಿದಾಗ ಡಬ್ಬಿ ಕೊಟ್ಟಂಗ," ಎಂದಳು ಬಸಲಿಂಗವ್ವ.

"ಮ್ಯಾಲೆ ಎಷ್ಟ ಹಾಕಬೇಕು ಅನ್ನೂದು ನಮ್ಮ ಖುಷಿ ಹೌದಲ್ರಿ?" ರೆಹಮತಬಿ ಕೇಳಿದಳು.

"ನಿಮ್ಮ ಖುಷಿ."

"ಹಂಗಿದ್ರ ಇವತ್ತ ಅವ್ವಾರ ಕಡೆ ಎರಡು ಬಟ್ಟಲ ಇಸ್ಕೋತೀನಿ. ನಾಳೆ ನೋಡ್ಕೋರಿ ಅಂತ ಹೇಳ್ರಿ!"

ಎರಡು ವಾರದಲ್ಲಿ ಪರದೆಗೆ ಮತ್ತೆ ಜೀವ ಬಂತು. ಸಂಜೆ ಅಲ್ಲೊಂದು ಇಲ್ಲೊಂದು ಹಸಿರು. ಮಧ್ಯಾಹ್ನವಂತೂ ಊರಿಗೆ ಊರೇ ಹಸಿರು. ಮಮದಾಪುರ ಅಂದು ಚಹಾ ಎರಡನೆಯ ಲೋಟ ಕುಡಿದರು.

ಆಮೇಲೆ ಬಂತು ಆ ಬಿಸಿಗಾಳಿ. ಕಾಗೆಗಳು ಹಾರುವುದನ್ನು ಬಿಟ್ಟು ಗೋಡೆಯ ನೆರಳಿಗೆ ಅಂಟಿ ಕೂತವು, ನಲ್ಲಿಯ ನೀರು ಮುಟ್ಟಲಾಗದಷ್ಟು ಕಾದಿತ್ತು. ಮೂರನೆಯ ದಿನ ಮಧ್ಯಾಹ್ನ ಎಲ್ಲೋ ದೂರದಲ್ಲಿ ದೊಡ್ಡ ಲೈನು ಕಾದು ಜೋತು ಕೈಕೊಟ್ಟಿತು. ಜಿಲ್ಲೆಗೆ ಜಿಲ್ಲೆಯೇ ಕರೆಂಟಿಲ್ಲದೆ ಕೂತಿತು. ಸ್ವಂತ ಮಾಳಿಗೆಯವರ ಪ್ಯಾನಲ್‌ಗಳೂ ನಿಂತವು. ದೊಡ್ಡ ಲೈನು ಸತ್ತಾಗ, ರಿಪೇರಿಯವರಿಗೆ ಶಾಕ್ ಹೊಡೆಯದಿರಲೆಂದು ಅವು ತಾವಾಗಿಯೇ ಆರಿಹೋಗುವಂತೆ ಮಾಡಿದ್ದವು. ಓಣಿಯ ಸಣ್ಣ ತಂತಿಗೆ ಮಾತ್ರ ದೊಡ್ಡ ಲೈನಿನ ಹಂಗಿರಲಿಲ್ಲ. ಬಾಡಿಗೆ ಮನೆಗಳಲ್ಲಿ ಫ್ಯಾನು ತಿರುಗುತ್ತಿತ್ತು. ಬಂಗಲೆಯವರು ಮಕ್ಕಳನ್ನೆತ್ತಿಕೊಂಡು ಬಾಡಿಗೆಯವರ ಪಡಸಾಲೆಗೆ ಬಂದು ಕೂತರು. ಬಾಡಿಗೆಯವರು ಮಜ್ಜಿಗೆ ಕೊಟ್ಟು ಕೂಡಿಸಿಕೊಂಡರು.

ನಾಲ್ಕರ ಸುಮಾರಿಗೆ ಹೆರಿಗೆ ಆಸ್ಪತ್ರೆಯಿಂದ ಫೋನು ಬಂತು. ಜನರೇಟರು ಕಾದು ಕೆಟ್ಟು ನಿಂತಿದೆ. ಒಳಗೆ ಒಬ್ಬಳಿಗೆ ತುರ್ತು ಆಪರೇಷನ್ ಆಗಬೇಕು, ದೀಪ ಬೇಕು, ಆಮ್ಲಜನಕದ ಯಂತ್ರ ಬೇಕು. ಔಷಧಿಯ ಫ್ರಿಜ್ಜಿಗೆಂದು ಸಂಘದವರು ಅಲ್ಲಿ ಒಂದು ಗಡಿಗೆ ಕೊಟ್ಟಿದ್ದರು, ಅದೊಂದೇ ದಾರಿ.

"ಯಾರ್ರಿ ಪೇಷಂಟು?" ಎಂದು ನೀಲಗಂಗಾ ಕೇಳಿದಳು.

"ನಸೀಮಾ. ಹೊಲಿಗೆ ರೆಹಮತಬಿ ಮಗಳು."

ನೀಲಗಂಗಾ ಗಡಿಗೆಗಳಿಗೆ ಮಾತು ಮುಟ್ಟಿಸುವ ಮೈಕು ಎಳೆದುಕೊಂಡಳು. ಊರಿನ ಎಲ್ಲ ಗಡಿಗೆಗೂ ಒಂದೇ ಸಲ ಸುದ್ದಿ ಕಳಿಸಿದಳು: ಹೆರಿಗೆ ಆಸ್ಪತ್ರೆಗೆ ಬೇಕಾಗಿದೆ, ಕೊಡುವವರು ಕೊಡಿ, ಒಂದೊಂದು ಓಣಿ ಸರದಿಯಂತೆ.

ಸರದಿ ಯಾರು ಕೇಳುತ್ತಾರೆ! ಪರದೆಯ ಮೇಲೆ ಊರಿನ ನಾಲ್ಕೂ ಕಡೆಯಿಂದ ಕರೆಂಟು ಆಸ್ಪತ್ರೆಯತ್ತ ನುಗ್ಗಿತು. ಆಸ್ಪತ್ರೆ ಮೂಲೆಯ ಜೋಡಣೆ ಡಬ್ಬಿಯ ಕಾವು ಏರತೊಡಗಿತು. ಅದು ಸುಟ್ಟರೆ ಎಲ್ಲ ಮುಗಿದಂತೆ.

"ಸಾಕ್ರಿ, ನಿಂದರ್ರಿ, ನಿಧಾನ ಕೊಡ್ರಿ!" ನೀಲಗಂಗಾ ಮೈಕಿನಲ್ಲಿ ಕೂಗಿದಳು. ಒಂದು ಕೈಯಲ್ಲಿ ಓಣಿಗಳನ್ನು ಒಂದೊಂದಾಗಿ ತಡೆದು, ಇನ್ನೊಂದು ಕೈಯಲ್ಲಿ ಒಂದೊಂದಾಗಿ ಬಿಟ್ಟಳು. ಮಮದಾಪುರ ಕೋಟು ಬಿಚ್ಚಿ ಪಕ್ಕದಲ್ಲಿ ಕೂತು ಕಾವಿನ ಅಂಕಿ ಓದಿ ಹೇಳತೊಡಗಿದರು. ಫಕೀರಪ್ಪ ಆಗಲೇ ಆಸ್ಪತ್ರೆ ಮೂಲೆಗೆ ಓಡಿದ್ದ. ಅಲ್ಲಿಂದ ಅವನ ಫೋನು ಬಂತು, ಹಿಂದೆ ಗದ್ದಲವೋ ಗದ್ದಲ.

"ಮೇಡಂ, ಹೆದರಬ್ಯಾಡ್ರಿ! ಡಬ್ಬಿಗೆ ಕೌದಿ ನೆರಳು ಕಟ್ಟೀವಿ. ಓಣಿ ಹೆಣ್ಮಕ್ಕಳು ಅಕ್ಕಿ ಕೇರೋ ಮರ ತಂದು ಗಾಳಿ ಹಾಕಾಕತ್ತಾರ. ನಿಮ್ಮ ಅತ್ತೀನೂ ಅದಾರ್ರಿ, ಎಲ್ಲಾರಿಗೂ ಬೈದು ಸಾಲಿಗೆ ನಿಂದರಿಸ್ಯಾರ!"

ಕಾವು ಏರಿತು, ನಿಂತಿತು, ಒಂದು ಕೂದಲೆಳೆ ಇಳಿಯಿತು. ಮಮದಾಪುರ ಅಂಕಿ ಓದುವುದನ್ನು ನಿಲ್ಲಿಸಿ ಕೈಮುಗಿದು ಕೂತುಬಿಟ್ಟರು. ಸೂರ್ಯ ಮುಳುಗುವ ಮುಂಚೆ ಫೋನು ಮತ್ತೆ ಬಂತು. ಕೂಸು ಅಳುವ ಸದ್ದಷ್ಟೇ ಕೇಳಿತು. ನೀಲಗಂಗಾ ಮೇಜಿನ ಮೇಲೆ ತಲೆಯಿಟ್ಟು, ಸಂತೋಷಕ್ಕೆ, ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಗ್ಗೆ ಅವಳು ಆಸ್ಪತ್ರೆಗೆ ಹೋದಾಗ ರೆಹಮತಬಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ಪಕ್ಕದಲ್ಲಿ ಬಸಲಿಂಗವ್ವ. ರೆಹಮತಬಿಯ ಕಣ್ಣುಗಳು ಕೆಂಪಗಿದ್ದವು.

"ಅವ್ವಾರ, ಇಡೀ ಊರು ಕೊಟ್ಟೈತಿ. ಇದನ್ನ ನಾ ಹೆಂಗ ತಿರಗಿ ಕೊಡಲಿ? ನನ್ನ ಕಡೆ ಇರೂದು ಒಂದ ಗಡಿಗಿ."

ಒಂದು ಬಟ್ಟಲಿಗೂ ಲೆಕ್ಕ ಬಿಡದ ಬಸಲಿಂಗವ್ವ ಕೂಸಿನ ಅಂಗಾಲು ಸವರಿದಳು. "ಇದನ್ನ ತಿರಗಿ ಕೊಡಬ್ಯಾಡವ್ವ. ಇದು ನಿನ್ನ ಮನಿಯಾಗ ಇರಲಿ."

ರೆಹಮತಬಿ ತಲೆಯಾಡಿಸಿದಳು. ಆದರೆ ಅವಳು ಬೆಟಗೇರಿಯವಳು. ತಲೆಯಾಡಿಸಿದ ಮಾತ್ರಕ್ಕೆ ಕೇಳುತ್ತಾಳೆಯೇ?

ನೀಲಗಂಗಾ ಡಿಪೋಗೆ ಬಂದಾಗ ಮಮದಾಪುರ ವರದಿ ಬರೆಯುತ್ತಿದ್ದರು. ಗಡಿಗೆಗಳು ಇಲ್ಲೇ ಉಳಿಯುತ್ತವೆ, ಉಳಿದ ಊರುಗಳ ಬಾಡಿಗೆಯವರಿಗೂ ಹೋಗುತ್ತವೆ ಎಂದು ಮೊದಲ ಪುಟದಲ್ಲೇ ಬರೆದಿದ್ದರು. ಅವಳಿಗೆ ಓದಲು ಕೊಟ್ಟರು. ಅವಳು ಓದುತ್ತಿದ್ದಾಗಲೇ ಸೂರ್ಯ ನೆತ್ತಿಗೆ ಬಂದ. ಫಕೀರಪ್ಪ ಕೂಗಿದ, "ಮೇಡಂ, ಪರದೆ ನೋಡ್ರಿ!"

ಬೆಟಗೇರಿಯ ಪ್ರತಿಯೊಂದು ಚುಕ್ಕೆಯೂ ಹಸಿರಾಗಿತ್ತು. ಒಂದನ್ನೂ ಬಿಡದೆ, ಎಲ್ಲವೂ, ಒಂದೇ ಸಲಕ್ಕೆ. ಎಲ್ಲ ಗೆರೆಗಳೂ ಹೊರಟದ್ದು ಒಂದೇ ಮನೆಯ ಪಾಲಿನಿಂದ. ರೆಹಮತಬಿ ಮನೆಗೆ ಹೋಗಿ ತನ್ನ ಒಂದು ಗಡಿಗೆಯ ಬಿಸಿಲನ್ನು ಇಡೀ ಊರಿಗೆ ಹಂಚಿದ್ದಳು.

ಮಮದಾಪುರ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಪ್ರತಿ ಚುಕ್ಕೆಯ ಪಕ್ಕದಲ್ಲೂ ಒಂದೊಂದು ಸೊನ್ನೆ. ಪಾಲು ಅಷ್ಟು ಸಣ್ಣದು, ಯಂತ್ರದ ಅಳತೆಗೇ ಸಿಕ್ಕಿರಲಿಲ್ಲ. ಹೊರಗೆ ಓಣಿ ಓಣಿಯಿಂದ ಗಡಿಗೆಗಳ ಟುಣ್ ಟುಣ್ ಸದ್ದು, ಬಾಗಿಲಿಗೆ ಬಂದು ನಿಂತ ಹೆಂಗಸರ ನಗು, ಒಬ್ಬರನ್ನೊಬ್ಬರು ಕರೆದು ಹೇಳುವ ಗದ್ದಲ ಅಟ್ಟದವರೆಗೂ ಕೇಳುತ್ತಿತ್ತು.

"ಇದನ್ನ ನಾ ವರದಿಯೊಳಗೆ ಎಷ್ಟು ಅಂತ ಬರೀಲಿ ಮೇಡಂ?" ಎಂದರು ಮಮದಾಪುರ.

ನೀಲಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟು ಅಂತ ಬರೀಬ್ಯಾಡ್ರಿ ಸರ. ಎಲ್ಲಾರ ಮನಿಗೂ ಮುಟ್ಟಿತು ಅಂತ ಬರೀರಿ."